ಬೂಟಿಗೆ ಹೊಂದದ ಪ್ಯಾಂಟು

ಅವನ ಬೂಟಿನ ಮೂತಿಯಲ್ಲಿ ನಮ್ಮ ಮನೆಯ ಹೆಂಚಿನ ಸೂರು ಕಾಣುತ್ತಿತ್ತು. ಆಫೀಸರುಗಳು ಹಾಕುವಂಥ, ಲೇಸು ಕಟ್ಟುವ ಕರೀ ಚರ್ಮದ ಬೂಟು. ಅದರ ಮೇಲೆ ಒಗೆದು ಒಗೆದು ಬಣ್ಣ ಹೋದ, ಮಂಡಿ ಜೋತುಬಿದ್ದ ಕಾಟನ್ ಪ್ಯಾಂಟು. ನಿಂತಲ್ಲೇ ಒಂದು ಕಾಲಿನ ಬೂಟನ್ನು ಇನ್ನೊಂದು ಕಾಲಿನ ಮೀನಖಂಡಕ್ಕೆ ಉಜ್ಜುವುದು ಅವನ ಚಾಳಿ. ಹಾಗಾಗಿ ಅವನ ಪ್ಯಾಂಟುಗಳ ಹಿಂದೆಲ್ಲ ಒಂದು ಕರೀ ಪಟ್ಟೆ. ನನ್ನ ಮಗಳು ಅದನ್ನು ಕಲ್ಲಿಗೆ ಹಾಕಿ ತಿಕ್ಕಿ ತಿಕ್ಕಿ ಸೋತು ಸುಮ್ಮನಾದಳು.

ಅವನು ನನ್ನ ಹಿರೀ ಅಳಿಯ. ಅಣ್ಣನ ಮಗನೇ ಆದ್ದರಿಂದ ಅವನಿಗೆ ನಾನು ಬಹುವಚನ ಹಚ್ಚಲಿಲ್ಲ, ಅವನೂ ನನಗೆ ಹಚ್ಚಲಿಲ್ಲ. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡಿನ ಮೂಟೆ ಇಳಿಸುವ ಕೆಲಸ. ಅಲ್ಲಿ ಬರಿಗಾಲು. ಬಸ್ಸು ಹತ್ತುವಾಗ, ಮದುವೆ ಮುಂಜಿಗೆ ಹೋಗುವಾಗ ಬೂಟು.

ಬೂಟು ಅವನ ಮದುವೆಗೆ ನಾವೇ ಕೊಟ್ಟದ್ದು. ನಮ್ಮ ಕಡೆ ಹೆಣ್ಣಿನವರು ಗಂಡಿಗೆ ಸೂಟು ಬೂಟು ಕೊಡಲೇಬೇಕು. ಒಂದು ಸಂಜೆ ಆರತಕ್ಷತೆಯಲ್ಲಿ ತೊಟ್ಟ ಸೂಟು ಆಮೇಲೆ ಟ್ರಂಕು ಸೇರುತ್ತದೆ. ಅದನ್ನು ತೊಟ್ಟುಕೊಂಡು ಮೂಟೆ ಹೊರುವುದಕ್ಕೆ ಆಗುತ್ತದೆಯೇ?

ನನ್ನ ಯಜಮಾನರು ಹೋದ ಮೇಲೆ ಹೊಂಗನೂರಿನ ಮನೆಯಲ್ಲಿ ನಾನು, ಕಿರೀ ಮಗಳು, ರೇಷ್ಮೆಹುಳ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅವನು ತಪ್ಪದೆ ಬರುತ್ತಿದ್ದ. ಬೂಟು ಬಿಚ್ಚಿ ಹೊಸಿಲಾಚೆ ಜೋಡಿಸಿಟ್ಟು ಕೆಲಸಕ್ಕೆ ಇಳಿದರೆ ಊಟ ಕೇಳುತ್ತಿರಲಿಲ್ಲ. ಪಾಲಿಶಿನ ವಾಸನೆ ಹುಳಕ್ಕೆ ಆಗದು ಎಂದು ದೂರದ ಹುಣಿಸೇಮರದ ಕೆಳಗೆ ಹೋಗಿ ಪಾಲಿಶು ಹಾಕಿ, ಕೈ ತೊಳೆದು, ಮೂಸಿ ನೋಡಿಕೊಂಡು ಬರುತ್ತಿದ್ದ. ಗಂಡಸರಲ್ಲಿ ಅಂಥ ಅಚ್ಚುಕಟ್ಟು ನಾನು ಬೇರೆ ಕಾಣೆ.

ಕಿರೀ ಮಗಳಿಗೆ ಕನಕಪುರದ ಗಂಡು ಗೊತ್ತಾಯಿತು. ಆಫೀಸಿನಲ್ಲಿ ಗುಮಾಸ್ತ. ಸೂಟು ಹೊಲಿಸುವುದಕ್ಕೆ ಅಳತೆಗೆಂದು ಅವರ ಮನೆಯಿಂದ ಒಂದು ಹಳೇ ಪ್ಯಾಂಟು ಶರಟು ಬಂತು. ಅದೇ ಬೆಳೆಗೆ ನಮ್ಮ ಹುಳಕ್ಕೆ ಸುಣ್ಣಕಟ್ಟು ರೋಗ ತಗುಲಿತು. ತಟ್ಟೆ ತಟ್ಟೆಯಲ್ಲೂ ಹುಳ ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಸತ್ತು ಬಿದ್ದಿತ್ತು. ಬಾಚಿ ಸುಟ್ಟೆವು. ಇನ್ನು ಸೂಟೆಲ್ಲಿಂದ ತರುವುದು? ಗಂಡಿನ ದೊಡ್ಡಪ್ಪನಿಗೆ ಹೇಳಿಕಳಿಸಿದರೆ, “ಸೂಟಿಲ್ದೆ ನಮ್ ಹುಡ್ಗ ಸ್ಟೇಜ್ ಹತ್ತಾಕಿಲ್ಲ. ಇನ್ನೊಂದ್ ಕಡೆ ನೋಡ್ಕಳಿ” ಅಂದರು. ಮಗಳು ಮೂಲೆ ಹಿಡಿದಳು.

ಹಿರೀ ಅಳಿಯ ಬಂದವನು ಬೂಟು ಬಿಚ್ಚದೆ ಹೊರಗೇ ನಿಂತ.

“ಅತ್ತೆ, ಆ ಅಳತೆ ಬಟ್ಟೆ ಕೊಡು ಇಲ್ಲಿ.”

“ಯಾಕಪ್ಪ?”

“ನನ್ ಸೂಟು ಟ್ರಂಕಲ್ಲಿ ನುಸಿಗುಳ್ಗೆ ತಿನ್ಕಂಡ್ ಮನಗೈತೆ. ಎಬ್ಬಿಸ್ತೀನಿ.”

“ಥೂ, ಸುಮ್ಕಿರು. ನಾಕ್ ಜನದ ಮುಂದೆ ನೀನೇನ್ ಹಾಕ್ಕಂಡಿಯೆ?”

“ನಾನೇನ್ ಮದ್ವೆಗಂಡಾ, ನನ್ನ ನೋಡಕೆ? ಒಂದೇ ಮಾತು ಕಣತ್ತೆ. ಈ ಸುದ್ದಿ ಹೊಸ್ಲು ದಾಟ್‌ಕೂಡ್ದು. ಇನ್ನೊಬ್ರು ತೊಟ್ಟ ಬಟ್ಟೆ ಅಂತ ಗೊತ್ತಾದ್ರೆ ಈ ಹೆಣ್ಮಗ ಜಲ್ಮವೆಲ್ಲ ಆಡಿಸ್ಕಬೇಕಾಯ್ತದೆ.”

ರಾಮನಗರದ ಟೈಲರು ಸೊಂಟ ಹಿಡಿದು, ತೋಳು ಮೋಟು ಮಾಡಿ, ಗುಂಡಿ ಬದಲಾಯಿಸಿ ಕೊಟ್ಟ. ಅಳಿಯ ಬೂಟನ್ನೂ ಕೊಡುತ್ತೇನೆಂದ, ಆ ಹುಡುಗನ ಪಾದ ದೊಡ್ಡದು, ಹಿಡಿಸಲಿಲ್ಲ. ಚನ್ನಪಟ್ಟಣದಲ್ಲಿ ಹೊಸ ಜೋಡಿ ತಂದೆವು. ಹೀಗೆ ಹಿರೀ ಅಳಿಯನಿಗೆ ಉಳಿದದ್ದು ಸೂಟಿಲ್ಲದ ಬೂಟು.

ಮದುವೆಯಲ್ಲಿ ಅವನು ಬಣ್ಣಗೆಟ್ಟ ಪ್ಯಾಂಟು, ಹೊಳೆಯುವ ಬೂಟಿನಲ್ಲಿ ಓಡಾಡಿದ. ಮಾಗಡಿ ಕಡೆಯ ನೆಂಟನೊಬ್ಬ ಎಲ್ಲರಿಗೂ ಕೇಳುವಂತೆ ಕೂಗಿದ: “ಏನ್ಲಾ ಇದು, ಮ್ಯಾಲೆ ಕೂಲಿ, ಕೆಳಗೆ ಡೀಸಿ ಸಾಹೇಬ?”

“ಬಡ್ತಿ ಕೆಳಗಿಂದ ಬತ್ತಾ ಐತೆ ಕಣಣ್ಣ. ಇನ್ನೂ ಸೊಂಟಕ್ಕೆ ಬಂದಿಲ್ಲ.”

ಜನ ನಕ್ಕರು. ಅವನೂ ನಕ್ಕ. ಹಿರೀ ಮಗಳು ಮಾತ್ರ ಸ್ಟೇಜಿನ ಕಡೆ ನೋಡಲಿಲ್ಲ. ನಾನು ಅನ್ನ ಬಡಿಸುತ್ತಿದ್ದೆ, ಬಡಿಸಿದೆ.

ಆಮೇಲೆ ವರ್ಷಗಟ್ಟಲೆ ಅದೇ ಬೂಟು. ಅಟ್ಟೆ ಸವೆದರೆ ಹೊಸದು ಹೊಲಿಸುತ್ತಿದ್ದ. ಪ್ಯಾಂಟುಗಳು ಮಾತ್ರ ಸಂತೆಯವು. ಕಿರೀ ಅಳಿಯ ಒಳ್ಳೆಯವರೇ, ಆದರೆ ಓದಿದವರ ಬಾಯಿ. ಒಂದು ಹಬ್ಬದಲ್ಲಿ ಅಂದರು: “ಭಾವ, ಇಂಥ ಶೂಗೆ ಇಂಥ ಪ್ಯಾಂಟ್ ಹಾಕ್ಬಾರ್ದು. ಕಪ್ಪು ಪ್ಯಾಂಟೇ ಹೊಂದೋದು. ನನ್ನ ಮದುವೆ ಸೂಟಿಂದು ಬೇಕಾದ್ರೆ ಕೊಡ್ತೀನಿ.”

ನನ್ನ ಬಾಯಿಗೆ ಬಂದಿತ್ತು. ಹಿರಿಯವನು ನನ್ನ ಕಡೆ ಒಂದು ಸಲ ನೋಡಿ, “ಬ್ಯಾಡ ಬುಡಪ್ಪ, ಅದು ನಂಗೆ ಬಿಗಿ ಆಯ್ತದೆ” ಅಂದ. ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡಿರುವುದೂ ಒಂದು ಕೆಲಸ. ಮೂಟೆ ಹೊತ್ತಷ್ಟೇ ಸುಸ್ತಾಗುತ್ತದೆ.

ಈಗ ಮೊಮ್ಮಗ ಮಾಸಿದ ಜೀನ್ಸಿನ ಕೆಳಗೆ ಫಳಫಳ ಬೂಟು ಹಾಕುತ್ತಾನೆ. ಫ್ಯಾಷನ್ ಅಂತೆ. ನಿಮ್ಮ ದೊಡ್ಡಪ್ಪ ಹಾಕಿದಾಗ ಊರೇ ನಕ್ಕಿತ್ತು ಕಣೋ ಅಂದರೆ ಫೋನಿನಿಂದ ಮುಖ ಎತ್ತುವುದಿಲ್ಲ.

ಹಿರೀ ಅಳಿಯ ಎದೆ ನೋವು ಅಂತ ಮಾರ್ಕೆಟ್ಟಿನ ಜಗಲಿಯಲ್ಲಿ ಕೂತವನು ಏಳಲಿಲ್ಲ. ನನಗಿಂತ ಚಿಕ್ಕವನು. ನಾನು ಇದ್ದೀನಿ, ಅವನಿಲ್ಲ. ಅತ್ತು ಏನು ಮಾಡುವುದು.

ತಿಥಿ ಅವನ ಮನೆಯಲ್ಲೇ. ಎಡೆಯ ಮುಂದೆ ಸತ್ತವರಿಗೆ ಹೊಸ ಬಟ್ಟೆ ಇಡಬೇಕು. ಕಿರೀ ಅಳಿಯ ತಾವೇ ತರುತ್ತೇನೆಂದು ಹೊರಟರು.

“ಅತ್ತೆ, ಪಂಚೆ ಶರ್ಟು ತರ್ಲಾ?”

“ಪಂಚೆ ಬ್ಯಾಡಿ. ಪ್ಯಾಂಟು ಹೊಲಿಸ್ಕಂಡ್ ಬನ್ನಿ. ಕರೀದು, ಒಳ್ಳೇ ಬಟ್ಟೇದು.”

“ಎಡೆಗೆ ಕರೀದು ಇಡ್ತಾರಾ?”

“ನೀವೇ ಅಂದಿದ್ರಲ್ಲ, ಆ ಬೂಟಿಗೆ ಕರೀದೇ ಹೊಂದೋದು ಅಂತ.”

ಅವರು ಹೊಸಿಲಾಚೆ ಇದ್ದ ಬೂಟಿನ ಕಡೆ ನೋಡಿದರು. ನಾನು ಒಳಗೆ ಹೋಗಿ ಅವನದೇ ಒಂದು ಪ್ಯಾಂಟು ತಂದು ಅವರ ಕೈಗಿಟ್ಟೆ. ಹಿಂದೆ ಕರೀ ಪಟ್ಟೆ ಇದ್ದದ್ದು.

“ಇದ್ಯಾಕೆ ಅತ್ತೆ?”

“ಅಳತೆಗೆ.”

“ಹೋದವ್ರಿಗೆ ಅಳತೆ ಯಾಕತ್ತೆ? ಯಾವುದೋ ಒಂದು ರೆಡಿಮೇಡ್ ತಂದ್ರೆ ಆಯ್ತಲ್ಲ.”

“ಬ್ಯಾಡಿ,” ಅಂದೆ. “ಇದೊಂದ್ ಸಲ ಅವನ ಅಳ್ತೇಲೇ ಹೊಲ್ಸಿ.”