ಸ್ಪೀಕರ್ ಪಕ್ಕದ ಟ್ರೇ

ಮಾನ್ವಿಯ ಆ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಪೂರ್ತಿ ಆರಿದೆ ಎಂದೇನೂ ಹೇಳಲಾರೆ.

ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನಲ್ಲಿ ಕೈಗಡಿಯಾರ ಜೋಡಿಸುವ ಸಣ್ಣ ಕಾರ್ಖಾನೆಯೊಂದಿತ್ತು. ತಯಾರಾದ ಗಡಿಯಾರಗಳನ್ನು ಪರೀಕ್ಷಿಸುವ ಕೆಲಸ ನಮ್ಮಿಬ್ಬರದು. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮೊದಲು ಪಿಪ್ ಪಿಪ್ ಎಂದಾಗ, ಕೀಲಿ ಕೊಟ್ಟ ಗಡಿಯಾರಗಳ ಮುಳ್ಳು ಹೊಂದಿಸಬೇಕು. ಆಮೇಲೆ ಟ್ರೇಯಲ್ಲಿ ಕೆಲವನ್ನು ಅಂಗಾತ, ಕೆಲವನ್ನು ಬೋರಲು, ಕೆಲವನ್ನು ಮಗ್ಗುಲಾಗಿ ಇಡಬೇಕು. ಮರುದಿನ ಅದೇ ಪಿಪ್‌ಗೆ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ನೋಡಿ ಪಾಸು ಮಾಡುವುದು, ಇಲ್ಲವೇ ವಾಪಸು ಕಳಿಸುವುದು.

ಅವಳು ಗುಡಿಯ ಪೂಜೆ ಮಾಡುವವರ ಮಗಳು. ಗಡಿಯಾರವನ್ನು ಕಿವಿಗೆ ಹಿಡಿದು, "ಇದು ಕುಂಟಾಕತ್ತದ್ರಿ" ಎಂದರೆ ಮುಗಿಯಿತು, ಮರುದಿನ ಅದು ಹಿಂದೆ ಬಿದ್ದೇ ಇರುತ್ತಿತ್ತು. ಅನುಮಾನ ಬಂದದ್ದನ್ನೆಲ್ಲ ಸೂಪರ್‌ವೈಸರು ಅವಳ ಕಿವಿಗೇ ಒಯ್ಯುತ್ತಿದ್ದರು. ನಾನು ದೇವದುರ್ಗ ಕಡೆಯ ಕುರಿಗಾರರ ಮಗಳು. ಯಾವ ಕುರಿಯ ಗಂಟೆ ಎಂದು ಗುಡ್ಡದ ಆಚೆಯಿಂದಲೇ ಹೇಳುತ್ತಿದ್ದವಳು. ನನ್ನ ಕಿವಿ ಯಾರಿಗೂ ಬೇಕಾಗಲಿಲ್ಲ. ಅವಳಿಗಿಂತ ಎರಡು ವರ್ಷ ಮೊದಲೇ ಸೇರಿದ್ದರೂ, ಮುಖ್ಯ ಪರೀಕ್ಷಕಿಯ ಜಾಗ ಖಾಲಿಯಾದಾಗ ಎಲ್ಲರ ಬಾಯಲ್ಲೂ ಅವಳದೇ ಹೆಸರು. ಅವಳು ಮುಡಿದ ಮಲ್ಲಿಗೆಯ ವಾಸನೆಗೂ ನನಗೆ ತಲೆನೋವು ಬರುತ್ತಿತ್ತು.

ಅಷ್ಟರಲ್ಲಿ, ಫ್ಯಾನಿನ ಸದ್ದಿಗೆ ಪಿಪ್ ಕೇಳುವುದಿಲ್ಲವೆಂದು ರೇಡಿಯೋಕ್ಕೆ ದೊಡ್ಡ ಸ್ಪೀಕರ್ ಪೆಟ್ಟಿಗೆ ತಂದರು. ಅದರ ಹಿಂಬದಿ ತೆರೆದೇ ಇತ್ತು. ಅದನ್ನು ಅವಳ ಟ್ರೇಗೆ ಬೆನ್ನು ಮಾಡಿ, ಒತ್ತಿಯೇ ಇಟ್ಟರು. ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಅದರ ಸೆಳೆತಕ್ಕೆ ಗಡಿಯಾರದೊಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಅಂಟಿಕೊಂಡು ಗಡಿಯಾರ ಮುಂದೆ ಓಡುತ್ತದೆ ಎಂದು ದೇವದುರ್ಗದ ರಿಪೇರಿಯವರೊಬ್ಬರು ನನಗೆ ಹಿಂದೆಯೇ ಹೇಳಿದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಮರುದಿನ ಅವಳ ಟ್ರೇಯ ಗಡಿಯಾರಗಳೆಲ್ಲ ಮುಂದೆ ಓಡಿದ್ದವು. ಮತ್ತೆ ಹೊಂದಿಸಿದಳು, ಮತ್ತೆ ಓಡಿದವು. ವಾರ ತುಂಬುವುದರೊಳಗೆ ಸೂಪರ್‌ವೈಸರು ಅವಳ ಕೈ ಸರಿಯಿಲ್ಲವೆಂದು ಬೆಲ್ಟು ಹಾಕುವ ವಿಭಾಗಕ್ಕೆ ಕಳಿಸಿ, ಅವಳ ಮೇಜನ್ನೂ ಮುಖ್ಯ ಪರೀಕ್ಷಕಿಯ ಪಾಸು ಮೊಹರನ್ನೂ ನನಗೆ ಕೊಟ್ಟರು. ಅಂದು ಊಟ ರುಚಿಸಿತು, ಸುಳ್ಳೇಕೆ ಹೇಳಲಿ.

ಸಂಜೆ ಅವಳು ತನ್ನ ಸಾಮಾನು ತೆಗೆಯುವಾಗ ಚಿಮಟ ಕೈಜಾರಿ ಸ್ಪೀಕರಿನ ಬೆನ್ನಿಗೆ ಟಕ್ಕನೆ ಅಂಟಿಕೊಂಡಿತು. ಅದನ್ನು ಕಿತ್ತು ಮತ್ತೆ ಹತ್ತಿರ ಹಿಡಿದಳು, ಮತ್ತೆ ಅಂಟಿತು. ಆಮೇಲೆ ಟ್ರೇಯನ್ನು ಎತ್ತಿ ದೂರದ ಕಿಟಕಿಯ ಬಳಿ ಇಟ್ಟಳು.

"ಅಕ್ಕಾ, ಇನ್ನ ಇದನ್ನ ಅಲ್ಲಿ ಇಡಬ್ಯಾಡ್ರಿ. ಆ ಪೆಟಿಗಿ ಎಳಿಯಾಕತ್ತದ. ನನ್ನಂಗ ನಿಮಗ ಆಗಬಾರದು" ಎಂದಳು. ಸೂಪರ್‌ವೈಸರ್ ಸಾಹೇಬರಿಗೆ ತಾನು ಹೇಳಿದರೆ ನೆವ ಅನ್ನುತ್ತಾರೆ, "ನೀವು ಹೇಳ್ರಿ, ನಿಮ್ಮ ಮಾತು ನಂಬತಾರ" ಎಂದೂ ಅಂದಳು.

ಹೂಂ ಎಂದೆ. ಅವಳು ಅಷ್ಟು ಒಳ್ಳೆಯವಳಾಗಿದ್ದಕ್ಕೂ ನನಗೆ ಹೊಟ್ಟೆ ಉರಿಯಿತು.

ಸಾಹೇಬರಿಗೆ ಹೇಳಲಿಲ್ಲ. ಆದರೆ ಆ ಕೆಲಸದಲ್ಲಿದ್ದಷ್ಟು ವರ್ಷವೂ ಟ್ರೇಯನ್ನು ಅವಳು ತೋರಿಸಿದ ಕಿಟಕಿಯ ಬಳಿಯೇ ಇಟ್ಟೆ. ನನ್ನ ಗಡಿಯಾರ ಒಂದೂ ವಾಪಸು ಬರಲಿಲ್ಲ.