ಬಲೆಯ ಮೇಲೆ ಎರಡು ಕೈ

"ಮೇಡಂ, ನೀವು ಟೀಮಿಗೆ ಮ್ಯಾನೇಜರ್ ಆಗಿಬಿಡಿ. ನೀರಿನ ಬಾಟಲಿ, ಟೀ ಶರ್ಟು ಎಲ್ಲ ನೀವೇ ನೋಡ್ಕೊಳ್ಳಿ," ಎಂದ ಕಚೇರಿಯ ಕ್ರೀಡಾ ಕಾರ್ಯದರ್ಶಿ ತ್ಯಾಗಿ.

2006ರ ಆಗಸ್ಟ್. ಡಿಸೆಂಬರಿನಲ್ಲಿ ರಾಜಧಾನಿಯ ಕೇಂದ್ರ ಸರ್ಕಾರಿ ಕಚೇರಿಗಳ ಮಹಿಳಾ ವಾಲಿಬಾಲ್ ಪಂದ್ಯಾವಳಿ. ಆಟಗಾರ್ತಿಯರ ಪಟ್ಟಿಗೆ ಹೆಸರು ಕೊಡಲು ಬಂದಿದ್ದ ಗುಮಾಸ್ತೆ ರತ್ನಪ್ರಭಾಳ ಕಿವಿ ಬಿಸಿಯಾಯಿತು. ವಯಸ್ಸು ನಲವತ್ಮೂರು, ಎತ್ತರ ಐದಡಿ ನಾಲ್ಕಂಗುಲ, ನಿಜ. ಆದರೆ ದಾವಣಗೆರೆಯ ಕಾಲೇಜಿನಲ್ಲಿ ಮೂರು ವರ್ಷ ಬಲೆಯ ಮುಂದೆಯೇ ನಿಂತು ಆಡಿದವಳು ಅವಳು.

"ಬಾಟಲಿ ಹೊರೋಕೆ ಬೇರೆಯವರನ್ನ ನೋಡಿ. ಟ್ರಯಲ್ ಯಾವಾಗ?"

"ನವೆಂಬರ್ ಕೊನೆಗೆ. ಆದ್ರೆ ಮೇಡಂ, ಬಲೆ..."

"ಬಲೆ ಎಷ್ಟೆತ್ತರ ಅಂತ ನನಗೆ ಗೊತ್ತು."

ಅಂದು ಸಂಜೆ ಆರ್.ಕೆ. ಪುರಂನ ಕ್ವಾರ್ಟರ್ಸಿನ ಗೋಡೆಗೆ ಒತ್ತಿ ನಿಂತು ಕೈ ಚಾಚಿ, ಬೆರಳ ತುದಿ ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆದಳು. ಆಮೇಲೆ ಎಗರಿ ಮತ್ತೊಂದು ಗೆರೆ. ನಡುವೆ ಇಪ್ಪತ್ನಾಲ್ಕು ಸೆಂಟಿಮೀಟರ್.

"ಜನ ನಗ್ತಾರೆ ಕಣೇ," ಎಂದರು ಗಂಡ ಚಂದ್ರಕಾಂತ.

"ನಗಲಿ ಬಿಡಿ. ನೀವು ಟೇಪ್ ಸರಿಯಾಗಿ ಹಿಡೀರಿ."

ಬೆಳಗ್ಗೆ ಐದೂವರೆಗೆ ಪಾರ್ಕು. ಮೆಟ್ಟಿಲಿನ ಅಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಬಸ್ಕಿ, ಸ್ಕಿಪ್ಪಿಂಗ್, ಸಿಮೆಂಟ್ ಬೆಂಚಿನ ಮೇಲೆ ಎರಡೂ ಕಾಲು ಜೋಡಿಸಿ ಹಾರುವುದು. ವಾಕಿಂಗಿಗೆ ಬಂದ ನೆರೆಮನೆಯ ಚಡ್ಢಾ ಆಂಟಿ ತಡೆದು ನಿಲ್ಲಿಸಿದಳು. "ಅರೇ ರತ್ನಾ ಜೀ, ಈ ವಯಸ್ಸಲ್ಲಿ ಕುಣಿದ್ರೆ ಗರ್ಭಕೋಶ ಜಾರುತ್ತೆ!"

"ಅದು ಎರಡು ಹೆತ್ತು ತನ್ನ ಕೆಲಸ ಮುಗಿಸಿದೆ ಆಂಟಿ. ಈಗ ಕಾಲಿನ ಸರದಿ."

ಮೂರನೇ ವಾರಕ್ಕೆ ಬಲ ಮಂಡಿ ಊದಿಕೊಂಡಿತು. ಛಲಕ್ಕೆ ಬಿದ್ದು ದಿನಾ ನೂರು ಸಲ ಹಾರಿದ್ದಳು. ಹತ್ತನೇ ಕ್ಲಾಸಿನ ಮಗಳು ಹರಿಣಿ ಸೈಬರ್ ಕೆಫೆಯಿಂದ ಎರಡು ಹಾಳೆ ಪ್ರಿಂಟ್ ತಂದು ಮುಂದೆ ಹಿಡಿದಳು. "ಅಮ್ಮಾ, ರೋಜ್ ನಹೀ! ವಾರಕ್ಕೆ ಟೂ ಡೇಸ್ ಮಾತ್ರ ಜಂಪ್. ಇಳಿಯುವಾಗ ಮಂಡಿ ಬೆಂಡ್ ಮಾಡ್ಬೇಕು, ಸೌಂಡ್ ಬರ್ಬಾರ್ದು."

ಹತ್ತು ದಿನ ಸುಮ್ಮನೆ ಕೂರುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಆಮೇಲೆ ಲೆಕ್ಕವಿಟ್ಟು ಹಾರಿದಳು, ಬೆಕ್ಕಿನಂತೆ ಸದ್ದಿಲ್ಲದೆ ಇಳಿದಳು. ತೋಳನ್ನು ಹಿಂದಿನಿಂದ ಬೀಸಿ ತಂದರೆ ದೇಹ ತಾನೇ ಮೇಲೇಳುತ್ತದೆ ಎಂಬುದು ಹಳೆಯ ದಿನಗಳಿಂದ ನೆನಪಿಗೆ ಬಂತು. ನವೆಂಬರಿನ ಹೊತ್ತಿಗೆ ಗೋಡೆಯ ಗೆರೆಗಳ ನಡುವಿನ ಅಳತೆ ಮೂವತ್ತೊಂದು.

ಟ್ರಯಲ್ ದಿನ ತ್ಯಾಗಿ ಅವಳ ಎದುರಿಗೆ ಬೇಕೆಂದೇ ಸವಿತಾ ದಹಿಯಾಳನ್ನು ನಿಲ್ಲಿಸಿದ. ಆರಡಿಗೆ ಒಂದೇ ಅಂಗುಲ ಕಮ್ಮಿಯ, ಇಪ್ಪತ್ನಾಲ್ಕರ ಹರಿಯಾಣದ ಹುಡುಗಿ. ಸವಿತಾ ಹೊಡೆಯಬೇಕು, ಇವಳು ಬಲೆಯ ಮೇಲೆ ತಡೆಯಬೇಕು. ಮೊದಲ ಹೊಡೆತ ರತ್ನಪ್ರಭಾಳ ಬೆರಳು ತಿರುಚಿ ಹೋಯಿತು. ಎರಡನೆಯದು ತಲೆಯ ಮೇಲಿಂದ ಹಾದುಹೋಯಿತು. ಯಾರೋ ಕಿಸಕ್ಕೆಂದರು. ಬೆರಳಿಗೆ ಪಟ್ಟಿ ಸುತ್ತಿಕೊಂಡು ಅವಳು ಮತ್ತೆ ನಿಂತಳು. ಮೂರನೆಯ ಚೆಂಡಿಗೆ, ಯಾವ ಕಡೆ ಹೊಡೆಯುತ್ತಾಳೆಂದು ಸವಿತಾಳ ಭುಜ ನೋಡಿಕೊಂಡೇ ನೆಗೆದಳು. ಬಲೆಯ ಮೇಲೆ ಎರಡು ಕೈ ಗೋಡೆಯಂತೆ ಎದ್ದವು. ಚೆಂಡು ಬಡಿದು ಸವಿತಾಳ ಕಾಲಬುಡಕ್ಕೇ ಬಿತ್ತು. ಐದನೆಯದೂ ಹಾಗೆಯೇ.

"ಇವರು ನಮ್ಮ ಟೀಮಲ್ಲಿ ಇರಬೇಕು," ಎಂದು ಸವಿತಾಳೇ ಕೂಗಿದಳು. ತ್ಯಾಗಿ ತುಟಿ ಬಿಗಿದುಕೊಂಡು ಹೆಸರು ಬರೆದ.

ಡಿಸೆಂಬರಿನ ಪಂದ್ಯಾವಳಿಯ ಎರಡನೇ ಸುತ್ತಿನಲ್ಲಿ ತಂಡ ಸೋತಿತು. ಸೋಮವಾರ ಕ್ಯಾಂಟೀನಿನಲ್ಲಿ ಪಕ್ಕದ ಸೆಕ್ಷನ್ನಿನ ಕೇಶವಮೂರ್ತಿ ಕಣ್ಣು ಮಿಟುಕಿಸಿ ಕೇಳಿದರು, "ಏನ್ರೀ, ಇಷ್ಟೆಲ್ಲ ಹಾರಿ ಕೊನೆಗೆ ಸೋತ್ರಂತೆ?"

"ಹೌದು, ಆಡಿ ಸೋತ್ವಿ," ಎಂದಳು ರತ್ನಪ್ರಭಾ ಚಹಾ ಲೋಟ ಎತ್ತಿಕೊಳ್ಳುತ್ತ. "ಮುಂದಿನ ವರ್ಷವೂ ಆಡ್ತೀನಿ. ನೀವು ಯಾವ ಆಟಕ್ಕೆ ಹೆಸರು ಕೊಟ್ಟಿದೀರಿ?"