ಓಝೋನ್ ಫಲಕದ ಅಡಿಯ ಪಾಚಿ

ಸಿರಿಲ್ ಹಾಗ್ಬೆನ್ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಅರವತ್ತಮೂರು ವರ್ಷ, ಹೃದಯಾಘಾತ. “ಮೂವತ್ತು ವರ್ಷ ಓಝೋನ್ ಕುಡಿದೂ ಇಷ್ಟು ಬೇಗ ಹೋದನಲ್ಲ!” ಎಂದು ಕಡಲದಂಡೆ ಸಮಿತಿಯ ಅಧ್ಯಕ್ಷೆ ಮಿಸಸ್ ಪೆಟ್ಮನ್ ಮರುಗಿದರು.

ಅಲೆ ತಂದೆಸೆದ ಕಡಲಪಾಚಿಯನ್ನು ಟ್ರಾಕ್ಟರಿನಿಂದ ಗೋರಿ ಸಾಗಿಸುವುದು ವೇಡ್ಸ್‌ಗೇಟ್ ಪುರಸಭೆಯಲ್ಲಿ ಅವನ ಕೆಲಸ. ದಂಡೆಯ ಮೇಲೆ ಆಳೆತ್ತರದ ಫಲಕವಿತ್ತು: ‘ಇಲ್ಲಿಯ ಓಝೋನ್ ಸೇವಿಸಿ, ಆರೋಗ್ಯ ಪಡೆಯಿರಿ.’ ಕಡಲ ವಾಸನೆಯೆಂದರೆ ಓಝೋನ್ ಎಂಬುದು ಮುತ್ತಜ್ಜಂದಿರ ಕಾಲದ ಸುಳ್ಳು. ವರ್ಷಕ್ಕೊಮ್ಮೆ ಹೊಸ ಬಣ್ಣ.

ಹೋದ ಬೇಸಿಗೆಯಲ್ಲಿ, ಒಂದೆಳೆ ಪಾಚಿಯೂ ಉಳಿಯಕೂಡದೆಂದು ಮಿಸಸ್ ಪೆಟ್ಮನ್ ಅಪ್ಪಣೆ ಮಾಡಿದರು. ಸಿರಿಲ್ ಬಳಿದು ಕನ್ನಡಿ ಮಾಡಿಟ್ಟ. ಹದಿನೈದೇ ದಿನ, ಪ್ರವಾಸಿಗಳ ಗೊಣಗಾಟ ಶುರುವಾಯಿತು: ಕಡಲಿದೆ, ಕಡಲ ವಾಸನೆಯೇ ಇಲ್ಲ.

“ನಿನ್ನ ಟ್ರಾಕ್ಟರ್ ಹೊಗೆ ನಮ್ಮ ಓಝೋನ್ ತಿಂದುಹಾಕಿದೆ, ಸಿರಿಲ್. ಇವತ್ತಿಂದ ಕುಂಟೆ, ಕೈಗಾಡಿ. ತಿಂಗಳೊಳಗೆ ಅದು ವಾಪಸ್ ಬರ್ದಿದ್ರೆ ನೀನು ಮನೆಗೆ ಹೋಗ್ಬೋದು,” ಎಂದರು ಮಿಸಸ್ ಪೆಟ್ಮನ್.

“ಎಲ್ಲಿಂದ ತರ್ಲಿ ಮೇಡಂ? ಅಂಗಡೀಲಿ ಸಿಗುತ್ತಾ?”

“ತಮಾಷೆ ಸಾಕು.”

ಸಂಜೆ ಪಬ್ಬಿನಲ್ಲಿ ಇದನ್ನು ಕೇಳಿದ ಅವನ ಹಳೆಯ ಗೆಳತಿ ನೋರಾ ನಕ್ಕು ನಕ್ಕು ಬಿಯರ್ ಚೆಲ್ಲಿದಳು. ಅವಳು ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು.

“ಅಯ್ಯೋ ಪೆದ್ದಾ, ಓಝೋನ್ ಕುಡಿದ್ರೆ ಎದೆ ಸುಟ್ಟುಹೋಗುತ್ತೆ. ಕಡಲ ವಾಸನೆ ಬರೋದು ಪಾಚಿ ಕೊಳೆತು. ಅದ್ರೊಳಗಿನ ಸತ್ವ ತಿಂದು ಬ್ಯಾಕ್ಟೀರಿಯಾ ಒಂಥರಾ ಗಂಧಕದ ಅನಿಲ ಬಿಡ್ತವೆ. ನಿಮ್ಮಮ್ಮ ಎಲೆಕೋಸು ಬೇಯಿಸ್ವಾಗ ಬರ್ತಿತ್ತಲ್ಲ, ಅದೇ ಕಣೋ.”

“ಅಂದ್ರೆ ನಾನು ದಿನಾ ಬಳಿದು ಹೊರಗೆ ಹಾಕ್ತಿದ್ದದ್ದು...”

“ಊರಿನ ಆರೋಗ್ಯಾನೇ!”

ಮರುದಿನದಿಂದ ಸಿರಿಲ್ ನಸುಕಿಗೇ ಎದ್ದು ದಂಡೆಯನ್ನೆಲ್ಲ ಕೈಯಲ್ಲೇ ಗೋರಿ, ಒಂದು ಗಾಡಿ ಪಾಚಿಯನ್ನು ಕದ್ದು ತಂದು ಫಲಕದಡಿಯ ಪೊಳ್ಳಿಗೆ ತುಂಬತೊಡಗಿದ. ಸಿಕ್ಕಿಬಿದ್ದರೆ ಕೆಲಸ ಹೋಯಿತು, ತುಂಬದಿದ್ದರೂ ಹೋಯಿತು. ವಾರದಲ್ಲಿ ಪ್ರವಾಸಿಗಳು ಅಲ್ಲಿ ಎದೆಯುಬ್ಬಿಸಿ ನಿಂತರು. ಮಿಸಸ್ ಪೆಟ್ಮನ್ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

“ನೋಡಿದ್ಯಾ? ಟ್ರಾಕ್ಟರ್ ನಿಂತಿತು, ಓಝೋನ್ ಬಂತು. ಇನ್ಮೇಲೆ ಆ ಟ್ರಾಕ್ಟರ್ ಬೇಡವೇ ಬೇಡ.”

“ನಿಮ್ಮ ಮೂಗೇ ಮೂಗು ಮೇಡಂ,” ಎಂದ ಸಿರಿಲ್. ತನ್ನ ಜಾಣತನ ತನ್ನ ಬೆನ್ನಿಗೇ ಗಾಡಿ ಕಟ್ಟಿತೆಂದು ಅವನಿಗೆ ಆಗಲೇ ಗೊತ್ತಾಯಿತು.

ಚಳಿಗಾಲ ಕಳೆಯಿತು. ಭಾರ ಎಳೆಯಬೇಡ ಎಂದು ವೈದ್ಯರು ಎರಡು ಸಲ ಹೇಳಿದರು. ನೋರಾ ನೂರು ಸಲ ಹೇಳಿದಳು. ನಿವೃತ್ತಿಗೆ ಇನ್ನೂ ಮೂರು ವರ್ಷ ಉಳಿದಿತ್ತು.

ಆ ಮಂಗಳವಾರ ಬೆಳಿಗ್ಗೆಯೂ ಗಾಡಿ ತಳ್ಳಿಕೊಂಡು ಬಂದ. ಪಾಚಿ ಸುರಿದು, ಬೂಟಿನಿಂದ ಒಳಕ್ಕೆ ಒತ್ತಿದ. ಫಲಕಕ್ಕೆ ಒಂದೆಳೆ ಅಂಟಿತ್ತು. ಅದನ್ನು ತೋಳಿನಿಂದ ಒರೆಸಿ ತೆಗೆದ.